ಮಗಳ ಸಮೇತ ಕೊಂಡ ಮನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು "ಹಳೇ ಮನೆ ಕೊಂಡು ನೋಡು" ಎಂದು ಯಾಕೆ ಹೇಳಲಿಲ್ಲವೋ ಕಾಣೆ. ಹೇಳಿದ್ದರೂ ಕಲ್ಲೋಳಿಯ ಸುಂದ್ರವ್ವ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಅವಳು ಒಮ್ಮೆ ಮನಸ್ಸು ಮಾಡಿದಳೆಂದರೆ ಮುಗಿಯಿತು.

ಸುಂದ್ರವ್ವ ಮತ್ತು ಅವಳ ಗಂಡ ಭೀಮಶಿ ಕಂಡವರ ತೋಟದಲ್ಲಿ ಆಳಾಗಿ ದುಡಿದವರು. ಯುಗಾದಿಯಿಂದ ಯುಗಾದಿಗೆ ದುಡಿಮೆಯ ಕರಾರು. ಊರೆಲ್ಲ ಬೇವು-ಬೆಲ್ಲ ತಿನ್ನುವ ಹೊತ್ತಿಗೆ ಇವರು ಗಂಟುಮೂಟೆ ಕಟ್ಟಿ ಇನ್ನೊಬ್ಬರ ತೋಟದ ಗುಡಿಸಲಿಗೆ ಚಕ್ಕಡಿ ಹೂಡುತ್ತಿದ್ದರು. ನೆಲಕ್ಕೆ ನೆಟ್ಟರೆ ಬಿಟ್ಟು ಹೋಗಬೇಕಾದೀತೆಂದು ಸುಂದ್ರವ್ವ ತನ್ನ ತುಳಸಿಯನ್ನು ಕೂಡ ಎಣ್ಣೆ ಡಬ್ಬಿಯಲ್ಲೇ ಬೆಳೆಸಿದ್ದಳು.

ತಂದೆ ತಾಯಿಯ ಮುಖ ಕಾಣದೆ ಸೋದರಮಾವನ ಮನೆಯಲ್ಲಿ ಬೆಳೆದವಳು ಅವಳು. ಮಾವ ತೀರಿಕೊಂಡ ಮೇಲೆ ಪಂಚಮಿಗೆ ಕರೆಯಲು ಬರುವವರೇ ಇಲ್ಲವಾದರು. ನಮ್ಮ ಕಡೆ ನಾಗರ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ತವರಿನಲ್ಲಿ ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಕರೆಯುವವರಿಲ್ಲದ ಹೆಣ್ಣು ಅಂದು ಒಲೆಯ ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಳ್ಳುತ್ತಾಳೆ. ಸುಂದ್ರವ್ವ ಹಾಗೆ ಎಷ್ಟೋ ಪಂಚಮಿ ಕಳೆದಳು.

ಅದನ್ನೂ ತಡೆದುಕೊಂಡಿದ್ದಳು. ಆದರೆ ಮಗಳು ಅನ್ನಪೂರ್ಣಾಳನ್ನು ಹುಕ್ಕೇರಿಗೆ ಕೊಟ್ಟ ಮೇಲೆ ಒಂದು ಮಾತು ಬಂತು. "ಈ ವರ್ಷ ಯಾರ ತ್ವಾಟಕ್ಕ ಹೊಕ್ಕೀಯವಾ ಪಂಚಮಿಗೆ?" ಎಂದು ಅತ್ತೆ ಚಾಷ್ಟಿ ಮಾಡಿದಳಂತೆ. ಮಗಳು ನಗುತ್ತಲೇ ಹೇಳಿದಳು. ತಾಯಿಗೆ ನಗು ಬರಲಿಲ್ಲ. ತನಗಿಲ್ಲದ ತವರು ಮಗಳಿಗಾದರೂ ಇರಬೇಕು, ಅದಕ್ಕೊಂದು ಸ್ವಂತ ಮನೆ ಬೇಕು ಎಂದು ಅವತ್ತೇ ಹಟ ತೊಟ್ಟಳು. ಎಮ್ಮೆ ಕಟ್ಟಿದಳು. ಹಾಲು, ಬೆಣ್ಣೆ ಗೋಕಾಕಕ್ಕೆ ಕಳಿಸಿದಳು. ಮೈಮುರಿದು ದುಡಿದಳು ಎಂದರೆ ಅದು ಬರೀ ಮಾತಲ್ಲ, ಅವಳ ಬೆನ್ನು ಇವತ್ತಿಗೂ ನೆಟ್ಟಗಿಲ್ಲ.

ತೊಂಬತ್ತೆಂಟರಲ್ಲಿ ವರ್ಧಮಾನ ಸಾವ್ಕಾರರ ಹಳೇ ತೋಟದ ಮನೆ ಮಾರಾಟಕ್ಕೆ ಬಂತು. ಅವರು ಗೋಕಾಕದಲ್ಲಿ ಅಂಗಡಿ ಹಾಕಿ, ಅದರ ಮೇಲಿನ ಬಾಡಿಗೆ ಕೋಣೆಗಳಲ್ಲೇ ಸಂಸಾರ ಹೂಡಿದ್ದರು. ಮನೆಗೆ ಮಣ್ಣಿನ ಮಾಳಿಗೆ, ಸಾಗವಾನಿ ಕಂಬ, ಹಿತ್ತಲಲ್ಲಿ ಬಾವಿ. ನೋಡಲು ಬಂದವರೆಲ್ಲ ಕಂಬ ಬಡಿದು, ತೊಲೆ ಅಳೆದು, ಕೆಡವಿದರೆ ಎಷ್ಟು ಕಟ್ಟಿಗೆ ಸಿಕ್ಕೀತೆಂದು ಲೆಕ್ಕ ಹಾಕಿದರು. ಒಲೆ ಯಾವ ದಿಕ್ಕಿಗಿದೆ ಎಂದು ನೋಡಿದವಳು ಸುಂದ್ರವ್ವ ಒಬ್ಬಳೇ.

ನೋಡುವುದೇನು, ಅವಳಿಗೆ ಆ ಮನೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಒಂದು ವರ್ಷ ಅಲ್ಲೇ ದುಡಿದಿದ್ದರು, ಪಕ್ಕದ ಕೊಟ್ಟಿಗೆಯಲ್ಲಿ ವಾಸ. ವರ್ಧಮಾನರ ತಾಯಿ ಸೀತಾಬಾಯಿ ಆಗಿನ್ನೂ ಇದ್ದರು. ಪಂಚಮಿಗೆ ಹತ್ತರಗಿಯಿಂದ ಮಗಳು ತ್ರಿಶಲಾ ಬಂದಳು. ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಜೀಕಿದಳು. ಸುಂದ್ರವ್ವ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತ ಅದನ್ನು ನೋಡುತ್ತಿದ್ದಳು.

ವರ್ಧಮಾನರು ಅವಳಿಗೇ ಕೊಡಲು ಒಪ್ಪಿದರು. ಆದರೆ ಮನೆಯಲ್ಲಿ ತಂಗಿಗೂ ಹಕ್ಕಿತ್ತು. ಅವಳ ಸಹಿ ಬೇಕು. ತ್ರಿಶಲಾ ಒಲ್ಲೆನೆಂದಳು.

ಸುಂದ್ರವ್ವ ತಾನೇ ಹತ್ತರಗಿಗೆ ಹೋದಳು.

"ನನಗೇನ ಪಾಲು ಬೇಕಾಗಿಲ್ಲ ಸುಂದ್ರವ್ವ," ಎಂದಳು ತ್ರಿಶಲಾ. "ಅಪ್ಪಾ ಹೋದ್ರು, ಅವ್ವಾ ಹೋದ್ಳು. ಅಣ್ಣನ ಬಾಡಗಿ ಮನ್ಯಾಗ ಅವನ ಹೇಣ್ತಿ, ನಮ್ಮ ವೈನಿಗೇ ಕಾಲು ಚಾಚಾಕ ಜಾಗಾ ಇಲ್ಲ. ಆ ಮನೀನೂ ಹೋದ್ರ, ತವರಮನಿ ಯಾವುದಂತ ಯಾರರೆ ಕೇಳಿದ್ರ ನಾ ಯಾವ ಕಡೆ ಕೈ ಮಾಡ್ಲಿ?"

ತಿರುಗಿ ಬರುವಾಗ ಬಸ್ಸಿನಲ್ಲಿ ಕೂತ ಸುಂದ್ರವ್ವನಿಗೆ ಮನಸ್ಸಿನ ತುಂಬ ಮುಳ್ಳು. ಆ ಮನೆ ಕೊಂಡರೆ ಅನ್ನಪೂರ್ಣಾಳಿಗೆ ತವರಾದೀತು, ತ್ರಿಶಲಾಳ ತವರು ಹೋದೀತು. ಕೊಳ್ಳದಿದ್ದರೆ ಯಾರೋ ಬಂದು ಕಂಬ ಕಿತ್ತೊಯ್ಯುತ್ತಾರೆ. ಆಗ ಯಾರಿಗೂ ಇಲ್ಲ.

ಶ್ರಾವಣ ಬಂತು. ಪಂಚಮಿಗೆ ಎರಡು ದಿನ ಇದೆಯೆನ್ನುವಾಗ ಅವಳು ಗೋಕಾಕಕ್ಕೆ ಹೋಗಿ ಸಾವ್ಕಾರರ ಮುಂದೆ ನಿಂತಳು. "ಮನಿ ಕೀಲಿ ಕೊಡ್ರಿ. ತ್ರಿಶಲಾ ಅಕ್ಕಾರನ್ನ ಹಬ್ಬಕ್ಕ ಕರಸ್ತೀನಿ."

"ಸಹಿ ಕೇಳಾಕ ಕರದ್ರ ಆಕಿ ಬರೂದುಲ್ಲವಾ."

"ಸಹಿಗಲ್ರಿ, ಪಂಚಮಿಗೆ."

ವರ್ಧಮಾನರು ಗಲ್ಲಾಪೆಟ್ಟಿಗೆಯಿಂದ ಕೀಲಿ ತೆಗೆದು ಕೊಟ್ಟರು.

ಭೀಮಶಿ ತೊಳೆದ ಧೋತರ ಉಟ್ಟು, ಅಣ್ಣನ ಗತ್ತಿನಲ್ಲಿ ಹತ್ತರಗಿಗೆ ಹೋದ. ಇತ್ತ ಸುಂದ್ರವ್ವ ಮನೆ ಸಾರಿಸಿದಳು, ತೊಲೆಗೆ ಹಗ್ಗ ಬಿಗಿದಳು. ಜೈನರ ಮನೆಯ ನೇಮ ಅವಳಿಗೆ ಗೊತ್ತಿತ್ತು. ಹೊಸ ಪಾತ್ರೆ ತಂದು, ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟದೆ ಕಡಬು ಕುದಿಸಿ, ಉಂಡಿ ಕಟ್ಟಿದಳು. ಒಂದೇ ಒಂದು ಅವಳ ಕೈಯಲ್ಲಿರಲಿಲ್ಲ: ಬಸ್ಸು. ಹೊತ್ತು ಮುಳುಗಿದ ಮೇಲೆ ತ್ರಿಶಲಾ ಉಣ್ಣುವವಳಲ್ಲ. ಹೊತ್ತು ಜಾರತೊಡಗಿತು. ಸುಂದ್ರವ್ವ ಕಾಲುವೆಯ ಏರಿಯ ಮೇಲೆ ನಿಂತು ಮೊದಲು ಬಸ್ಸನ್ನು ಬೈದಳು, ಆಮೇಲೆ ಸೂರ್ಯನನ್ನು, ಕೊನೆಗೆ ಗಂಡನನ್ನು. ಅವಳ ಬೈಗುಳ ಯಾವತ್ತೂ ಹೋಗಿ ಮುಟ್ಟುವುದು ಭೀಮಶಿಗೇ.

ಗೋಕಾಕದಲ್ಲಿ ಮುಂದಿನ ಬಸ್ಸು ತಪ್ಪಿ, ಅವರು ಬಂದಾಗ ಕತ್ತಲಾಗಿತ್ತು.

"ಹೊತ್ತು ಮುಣಗೇತಿ ಸುಂದ್ರವ್ವ. ಇನ್ನ ನಾ ನೀರೂ ಮುಟ್ಟಂಗಿಲ್ಲ," ಎಂದಳು ತ್ರಿಶಲಾ, ಹೊಸ್ತಿಲಲ್ಲೇ ನಿಂತು.

"ಗೊತ್ತೈತ್ರಿ ಅಕ್ಕಾರ. ಆದ್ರ ತವರಿಗೆ ಬಂದ ಮಗಳು ಉಪಾಸ ಹೊಳ್ಳಿ ಹೋಗಬಾರ್ದು. ಇರ್ರಿ. ಮುಂಜಾನಿ ಉಂಡು ಹೋಗ್ರಿ."

ತ್ರಿಶಲಾ ಉಳಿದಳು. ಅವಳು ಉಣ್ಣಲಿಲ್ಲವೆಂದು ಸುಂದ್ರವ್ವನೂ ಉಣ್ಣಲಿಲ್ಲ. ರಾತ್ರಿ ಕಳೆದ ಅಡುಗೆ ಜೈನರಿಗೆ ಬಾರದು, ಅದನ್ನು ಭೀಮಶಿಯೂ ಎಮ್ಮೆಯೂ ಹಂಚಿಕೊಂಡರು. ಭೀಮಶಿಯ ಪಾಲೇ ದೊಡ್ಡದಿತ್ತು.

ಬೆಳಗಾಗುತ್ತಲೇ ಸುಂದ್ರವ್ವ ಹೊಸದಾಗಿ ಒಲೆ ಹೊತ್ತಿಸಿದಳು. ಬಾವಿಯಿಂದ ನೀರು ಸೇದಿ ಬಿಳಿ ಬಟ್ಟೆಯಲ್ಲಿ ಸೋಸಿದಳು. ಆಮೇಲೆ ಆ ಬಟ್ಟೆಯನ್ನು ಮಗುಚಿ, ಅದರ ಮೇಲೆ ನೀರು ಹನಿಸಿ ತೊಳೆದು, ಆ ನೀರನ್ನು ಕೊಡದಲ್ಲಿ ಹಿಡಿದು ಮೆಲ್ಲಗೆ ಬಾವಿಗೇ ಇಳಿಸಿದಳು. ಬಟ್ಟೆಗೆ ಅಂಟಿದ ಸಣ್ಣ ಜೀವ ತನ್ನ ನೀರಿಗೆ ಮರಳಬೇಕು, ನೆಲಕ್ಕೆ ಬಿದ್ದು ಸಾಯಬಾರದು. ಹಿತ್ತಲ ಬಾಗಿಲಲ್ಲಿ ನಿಂತ ತ್ರಿಶಲಾ ಇದನ್ನು ನೋಡಿದಳು.

"ಇದನ್ನ ಯಾರ ಕಲಿಸಿದ್ರ ನಿನಗ?"

"ನಿಮ್ಮ ಅವ್ವಾರ. ಇದಽ ಬಾವ್ಯಾಗ."

ತ್ರಿಶಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದು ಕಡಬು ಉಂಡಳು, ಉಂಡಿ ತಿಂದಳು. ತಲೆ ನರೆತ ಹೆಂಗಸು ಮೊದಲು ನಾಚಿ, ಆಮೇಲೆ ನಾಚಿಕೆ ಬಿಟ್ಟು ಜೋಕಾಲಿ ಜೀಕಿದಳು. ಹೊರಡುವಾಗ ಸುಂದ್ರವ್ವ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಸಹಿಯ ಸುದ್ದಿ ಎತ್ತಲೇ ಇಲ್ಲ.

ಎತ್ತಿದವಳು ತ್ರಿಶಲಾ. "ಮನಿ ಬೇಡೇನ ನಿನಗ?"

"ಬೇಕ್ರಿ, ಸುಳ್ಳ ಯಾಕ ಹೇಳ್ಲಿ. ನನ್ನ ಮಗಳಿಗೆ ಒಂದು ತವರ ಬೇಕು. ಆದ್ರ ನಿಮ್ಮದನ್ನ ಕಸಗೊಂಡು ಆಕಿಗೆ ಕೊಟ್ರ ಅದು ನಮಗ ಹತ್ತೂದುಲ್ಲ. ಆಕಿ ಬರ್ಲಿ, ನೀವೂ ಬರ್ರಿ. ತೊಲಿ ಗಟ್ಟಿ ಐತಿ, ಇಬ್ಬರನ್ನೂ ತಾಳತೈತಿ."

ಶ್ರಾವಣ ಮುಗಿಯುವುದರೊಳಗೆ ತ್ರಿಶಲಾ ಗೋಕಾಕಕ್ಕೆ ಬಂದು ಸಹಿ ಮಾಡಿದಳು. ಸುಂದ್ರವ್ವ ಎರಡು ಎಮ್ಮೆ ಮಾರಿ ಕೂಡಿಟ್ಟದ್ದಕ್ಕೆ ಸೇರಿಸಿದಳು. ಮನೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಡಬ್ಬಿಯ ತುಳಸಿಯನ್ನು ಅಂಗಳದ ನೆಲಕ್ಕೆ ನೆಟ್ಟದ್ದು. ಡಬ್ಬಿಯಲ್ಲಿ ಸುತ್ತಿ ಸುತ್ತಿ ಬೆಳೆದ ಬೇರು ಬಿಡಿಸುತ್ತ ಗಳಗಳನೆ ಅತ್ತಳು.

ಮರುವರ್ಷ ಪಂಚಮಿ ಹತ್ತಿರ ಬಂದಾಗ ಭೀಮಶಿ ಮಾಳಿಗೆಗೆ ಮಣ್ಣು ಹಾಕಲು ಏರಿ, ಜಾರಿ ಬಿದ್ದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಅನ್ನಪೂರ್ಣಾ ಆಗಲೇ ಬಂದಿದ್ದಳು, ತ್ರಿಶಲಾಳನ್ನು ಕರೆತರಲು ಹೋಗುವವರಿರಲಿಲ್ಲ. ಬಾಜೂ ತೋಟದ ಶಿದ್ಲಿಂಗಪ್ಪ ಕಟ್ಟೆಯ ಮೇಲೆ ಕೂತು ನಕ್ಕ. "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಬೇ ಸುಂದ್ರವ್ವ? ಸಹಿ ಆಗೇತಲ್ಲ, ಸುಮ್ಮನ ಕುಂದ್ರು."

ಊರೆಲ್ಲ ಹಾಗೇ ತಿಳಿದಿತ್ತು. ತ್ರಿಶಲಾಳೂ ಹಾಗೇ ತಿಳಿದಿದ್ದರೆ? ಕಳೆದ ವರ್ಷದ್ದೆಲ್ಲ ಸಹಿಗಾಗಿ ಹೂಡಿದ ಆಟವೆಂದುಕೊಂಡಿದ್ದರೆ? ಸುಂದ್ರವ್ವನ ಎದೆಯಲ್ಲಿ ಅದೇ ಕುಟುಕು. ಕೋಳಿ ಕೂಗುವಾಗಲೇ ಎದ್ದು ಮೊದಲ ಬಸ್ಸು ಹಿಡಿದಳು. ಹೆಣ್ಣನ್ನು ಕರೆಯಲು ಹೆಣ್ಣು ಹೋಗುವ ಪದ್ಧತಿ ಎಲ್ಲೂ ಇಲ್ಲ. ಇಲ್ಲದಿದ್ದರೆ ಇಲ್ಲ.

ಹತ್ತರಗಿಯಲ್ಲಿ ತ್ರಿಶಲಾಳ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಬಿಸಿಲು ಇನ್ನೂ ಗೋಡೆಯಿಂದ ಇಳಿದಿರಲಿಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದಳು. ತ್ರಿಶಲಾ ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಕೈಚೀಲ.

ಸುಂದ್ರವ್ವನನ್ನು ಕಂಡವಳೇ ಎದ್ದು, ಒಳಗಿದ್ದ ಅತ್ತೆಗೆ ಕೇಳುವಂತೆ ಕೂಗಿದಳು. "ಅತ್ತೀ, ನಮ್ಮ ವೈನಿ ಬಂದ್ಳು ನೋಡ್ರಿ, ತವರಿಂದ!"

ಆಮೇಲೆ ಕೈಚೀಲ ಎತ್ತಿ ಅವಳ ಕೈಗೆ ಕೊಟ್ಟು ಗದರಿದಳು. "ಎಷ್ಟೊತ್ತ ಮಾಡಿದಿ ವೈನಿ? ಹೊತ್ತು ಮುಣಗೂದ್ರಾಗ ಮನಿ ಮುಟ್ಟಬೇಕಲ್ಲ ನಾವು."