ತಗಡಿನ ಸಾಬರ ಒಂದು ಪಿರಿಯಡ್

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಎಂದೋ ಕತ್ತರಿ ಜಾರಿ ಆದ ಗಾಯವಂತೆ. ತಗಡು ಅಳೆಯಲು ಅವರು ಸ್ಕೇಲು ಹುಡುಕುತ್ತಿರಲಿಲ್ಲ. ಆ ಬೆರಳೂರಿ ಗೇಣು ಹಾಕಿ, ಮೊಳೆಯಿಂದ ಗೀರೆಳೆದು ಕತ್ತರಿಸುತ್ತಿದ್ದರು. ಆಲ್ದೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ ಅವರ ಅಂಗಡಿ. ಸೀಮೆಎಣ್ಣೆ ಬುಡ್ಡಿ, ಲಾಳಿಕೆ, ಕಾಫಿ ಗಿಡಕ್ಕೆ ಗೊಬ್ಬರ ಅಳೆದು ಹಾಕುವ ಡಬ್ಬ, ಎಲ್ಲ ಅವರ ಕೈಯಲ್ಲೇ ಆಗಬೇಕು. ಊರಿಗೆಲ್ಲ ಅವರು ತಗಡಿನ ಸಾಬರು.

ನಾನು ಅಲ್ಲಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮೊದಲ ಕೆಲಸ. ಒಂದು ದಿನ ಹತ್ತನೇ ತರಗತಿಗೆ ಘನಫಲದ ಪಾಠ ಮಾಡುತ್ತ ಶಂಕುವಿನ ಸೂತ್ರ ಬರೆದೆ. ಒಂದೇ ಅಗಲದ ಬಾಯಿ, ಒಂದೇ ಎತ್ತರ ಇದ್ದರೆ, ಸಿಲಿಂಡರ್ ಹಿಡಿಯುವುದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಶಂಕು ಹಿಡಿಯುತ್ತದೆ ಎಂದೆ. ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೂರನೇ ಒಂದೇ ಯಾಕೆ ಮೇಡಂ? ಅರ್ಧ ಆಗ್ಬೇಕಲ್ವಾ?"

ನನಗೆ ಗೊತ್ತಿರಲಿಲ್ಲ. ಬಿ.ಎಡ್. ಮುಗಿಸುವವರೆಗೂ ಸೂತ್ರ ಬಾಯಿಪಾಠ ಮಾಡಿಯೇ ಅಂಕ ತೆಗೆದವಳು ನಾನು. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. "ಪುಸ್ತಕದಲ್ಲಿರೋದನ್ನ ಬರ್ಕೊ. ಕಾಫಿ ಹಣ್ಣು ಕೊಯ್ಯೋಕೆ ಹೋಗೋರಿಗೆ ಅಷ್ಟು ಸಾಕು" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಆ ಶನಿವಾರ ಸಾಬರ ಅಂಗಡಿಗೆ ಹೋಗಿ ಒಂದೇ ಬಾಯಿ, ಒಂದೇ ಎತ್ತರದ ಶಂಕುವಿನದೂ ಸಿಲಿಂಡರಿನದೂ ಚಿತ್ರ ಬರೆದು, ತಗಡಿನಲ್ಲಿ ಮಾಡಿಕೊಡಿ ಎಂದೆ. ಅವರು ಕಾಗದ ತಿರುಗಿಸಿ ನೋಡಿದರು. "ಬಾಲ ಇಲ್ದಿರೋ ಲಾಳಿಕೆ ಒಂದು, ಡಬ್ಬ ಒಂದು. ಅಷ್ಟೇ ಅಲ್ವಾ ಟೀಚರಮ್ಮ?" ನಾನು ಕೂತಿದ್ದಂತೆಯೇ ಎರಡನ್ನೂ ಮಡಚಿ, ಬೆಸುಗೆ ಹಾಕಿ ಮುಂದಿಟ್ಟರು.

"ಲಾಳಿಕೇಲಿ ಎಷ್ಟು ಸಲ ಸುರಿದ್ರೆ ಡಬ್ಬ ತುಂಬುತ್ತೆ ಸಾಬ್ರೇ?"

"ನನ್ನ ಯಾಕೆ ಕೇಳ್ತೀರಿ, ನೀರನ್ನ ಕೇಳಿ" ಎಂದು ಕೊಡಪಾನ ನನ್ನತ್ತ ತಳ್ಳಿದರು. ಅದು ಅವರ ರೂಢಿಯ ಮಾತು. ಯಾವ ಅಳತೆ ಡಬ್ಬ ಮಾಡಿದರೂ ಮೊದಲು ಸ್ವಲ್ಪ ಎತ್ತರವಾಗಿಯೇ ಮಾಡಿ, ಸರಿಯಾದ ಅಳತೆಯ ನೀರು ಸುರಿದು, ನೀರು ನಿಂತಲ್ಲಿಗೆ ಅಂಚು ಕತ್ತರಿಸುವವರು ಅವರು.

ಮೂರನೇ ಸಲಕ್ಕೆ ನೀರು ಡಬ್ಬದ ಬಾಯಿಗೆ ಸರಿಯಾಗಿ ಬಂದು ನಿಂತಿತು. ಇಷ್ಟು ವರ್ಷ ಬರೆದದ್ದನ್ನು ನಾನು ಅಂದೇ ಮೊದಲು ಕಣ್ಣಾರೆ ಕಂಡದ್ದು. ಹುಡುಗಿಗೆ ಅಂದ ಮಾತನ್ನೂ ಬಿಡದೆ ಎಲ್ಲ ಹೇಳಿಕೊಂಡೆ. ಅವರು ಬುದ್ಧಿ ಹೇಳಲಿಲ್ಲ. "ಆ ಮಗು ಕೇಳಿದ್ರಲ್ಲಿ ತಪ್ಪೇನಿಲ್ಲ. ನಾನೂ ಮೊದ್ಲು ಅರ್ಧ ಅಂತಲೇ ತಿಳ್ಕೊಂಡಿದ್ದೆ. ಅವಳಮ್ಮ ನನ್ನತ್ರ ಬುಡ್ಡಿ ಒಯ್ಯೋರು. ನಾಳೆ ಭಾನುವಾರ, ಹೋಗಿ ಬರೋಣ" ಎಂದರು.

ಲೈನಿನ ನಲ್ಲಿಯ ಹತ್ತಿರ ಹುಡುಗಿ ಬಟ್ಟೆ ಒಗೆಯುತ್ತಿದ್ದಳು. ಸಾಬರು ದೂರದಲ್ಲಿ ಕಲ್ಲಿನ ಮೇಲೆ ಕೂತರು. ನಾನು ಶಂಕುವನ್ನೂ ಡಬ್ಬವನ್ನೂ ಅವಳ ಮುಂದಿಟ್ಟೆ. "ನೀನು ಕೇಳಿದ್ದು ನಂಗೇ ಗೊತ್ತಿರ್ಲಿಲ್ಲ. ಅದಕ್ಕೇ ಹಾಗಂದೆ. ತಪ್ಪಾಯ್ತು."

ಅವಳು ನನ್ನ ಮುಖ ನೋಡಲಿಲ್ಲ. ಎರಡರ ಬಾಯಿಯನ್ನೂ ಒಂದಕ್ಕೊಂದು ಹಿಡಿದು ಪರೀಕ್ಷಿಸಿದಳು. ಮೂರು ಸಲ ನೀರು ಸುರಿದಳು. ತುಂಬಿದ ಡಬ್ಬದ ಅಂಚಿನ ಮೇಲೆ ಬೆರಳಾಡಿಸಿ, "ಎಷ್ಟು ಅಂತ ಗೊತ್ತಾಯ್ತು ಮೇಡಂ. ಯಾಕೆ ಅಂತ ಗೊತ್ತಾಗ್ಲಿಲ್ಲ" ಎಂದಳು.

ಸಾಬರು ಕೂತಲ್ಲಿಂದಲೇ ನಕ್ಕರು. "ಅದು ನಂಗೂ ಗೊತ್ತಿಲ್ಲ ಮಗಾ. ನೀನೂ ಟೀಚರಮ್ಮನೂ ಸೇರಿ ಹುಡುಕಿ."

ಸೋಮವಾರ ಅವಳು ಶಾಲೆಗೆ ಬಂದಳು. ಅವಳ 'ಯಾಕೆ'ಗೆ ಉತ್ತರ ಹುಡುಕಲು ನಾನು ಚಿಕ್ಕಮಗಳೂರಿನ ಕಾಲೇಜಿನ ಮೇಷ್ಟರೊಬ್ಬರ ಮನೆಗೆ ಮೂರು ಭಾನುವಾರ ಅಲೆದೆ. ಅರ್ಥವಾದಷ್ಟನ್ನು ಅವಳಿಗೆ ಹೇಳಿದೆ. ಉಳಿದದ್ದನ್ನು ಅವಳು ಮುಂದೆ ಕಾಲೇಜಿಗೆ ಹೋಗಿ ತಾನೇ ಕಲಿತಳು. ಆ ಲೈನಿನಿಂದ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು.

ಆ ವರ್ಷವೇ ಸಾಬರನ್ನು ತರಗತಿಗೆ ಕರೆದೆ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತುಬಿಟ್ಟರು. ಮಕ್ಕಳೆಲ್ಲ ಎದ್ದು ನಮಸ್ಕಾರ ಹೇಳಿದ ಮೇಲೆಯೇ ಒಳಗೆ ಬಂದದ್ದು. ಯಾರೋ ಒಂದು ಸೊಟ್ಟ ಗೆಣಸು ಕೊಟ್ಟು, ಇದರ ಘನಫಲ ಹೇಳಿ ಎಂದರು. ಸಾಬರು ಪಾತ್ರೆಯನ್ನು ತಟ್ಟೆಯಲ್ಲಿಟ್ಟು, ಅಂಚಿನ ಮಟ್ಟಕ್ಕೆ ನೀರು ತುಂಬಿ, ಗೆಣಸನ್ನು ಮೆಲ್ಲಗೆ ಮುಳುಗಿಸಿದರು. ತಟ್ಟೆಗೆ ಚೆಲ್ಲಿದ ನೀರನ್ನು ಅಳತೆ ಡಬ್ಬಕ್ಕೆ ಸುರಿದರು. "ಗೆಣಸಿಗೆ ಕೂರೋಕೆ ಎಷ್ಟು ಜಾಗ ಬೇಕೋ ಅಷ್ಟೇ ನೀರು ಎದ್ದು ಹೋಗಿದೆ, ನೋಡಿ." ಗಂಟೆ ಬಾರಿಸಿದರೂ ಒಬ್ಬರೂ ಏಳಲಿಲ್ಲ.

ಆಮೇಲೆ ಪ್ಲಾಸ್ಟಿಕ್ ಬಂತು, ಅಂಗಡಿಯ ಕೆಲಸ ಕಡಿಮೆಯಾಯಿತು. ನನಗೆ ಮೂಡಿಗೆರೆಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಲುಪಿ ನಾನು ಆಲ್ದೂರಿಗೆ ಹೋಗುವ ಹೊತ್ತಿಗೆ ಮೂರು ದಿನವಾಗಿತ್ತು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು.

"ಬಂದವರಿಗೆಲ್ಲ, ನಾನೂ ಹೈಸ್ಕೂಲಿಗೆ ಹೋದೋನು ಅಂತಿದ್ರು ಟೀಚರೇ. ಎಷ್ಟು ಓದಿದ್ದೀರಿ ಅಂದ್ರೆ, ಒಂದು ಪಿರಿಯಡ್ ಅಂತಿದ್ರು."

"ಆ ಪಿರಿಯಡ್ಡಿನಲ್ಲಿ ಪಾಠ ಮಾಡಿದ್ದು ಅವ್ರು. ಕಲ್ತಿದ್ದು ನಾನು" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗಿದ್ದ ಮಗಳನ್ನು ಕರೆದರು. "ಟೀಚರ್ ಅಪ್ಪನ ವಿಷಯ ಏನೋ ಹೇಳ್ತಿದಾರೆ, ಬಾ ಇಲ್ಲಿ" ಎಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನಿಂದ ಅದನ್ನೇ ಇನ್ನೊಮ್ಮೆ ಹೇಳಿಸಿದರು.