ಮೋಟಾರಿಗೆ ಕಟ್ಟಿದ ರುಬ್ಬುಗುಂಡು

ಮಕ್ಕಳೇ, ನಿಮ್ಮ ತಾತನ ಲೇತಿಗೆ ಮೊದಲು ಮೋಟಾರು ಇರಲಿಲ್ಲ. ನಾನಿದ್ದೆ.

ಮರ ಕಡೆಯುವ ಆ ಯಂತ್ರವನ್ನು ಅವರು ಅಜ್ಜಂಪುರದ ನಮ್ಮ ಮನೆಯ ಹಿಂದಿನ ಚಪ್ಪರದಲ್ಲಿ ತಾವೇ ಮಾಡಿಕೊಂಡಿದ್ದರು. ಎರಡು ಜಾಲಿ ದಿಮ್ಮಿ, ನಡುವೆ ಗುಜರಿಯಿಂದ ತಂದ ಕಬ್ಬಿಣದ ಅಚ್ಚು. ಅಚ್ಚಿಗೆ ಚರ್ಮದ ಪಟ್ಟಿ ಸುತ್ತಿರುತ್ತಿತ್ತು. ನಾನು ಎದುರಿಗೆ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ದಿಮ್ಮಿಗೆ ಒತ್ತಿ, ಪಟ್ಟಿಯ ತುದಿಗಳನ್ನು ಒಮ್ಮೆ ಬಲಗೈಯಿಂದ ಒಮ್ಮೆ ಎಡಗೈಯಿಂದ ಎಳೆಯುತ್ತಿದ್ದೆ. ಬಲಗೈ ಎಳೆದಾಗ ಮರ ಅವರ ಕಡೆಗೆ ತಿರುಗುತ್ತಿತ್ತು, ಆಗ ಅವರು ಉಳಿ ಕೊಡುತ್ತಿದ್ದರು. ಎಡಗೈ ಎಳೆದಾಗ ಹಿಂದಕ್ಕೆ ತಿರುಗುತ್ತಿತ್ತು, ಆಗ ಉಳಿ ಎತ್ತುತ್ತಿದ್ದರು. ಮಂಚದ ಕಾಲು, ಲಟ್ಟಣಿಗೆ, ಕಡಗೋಲು ಎಲ್ಲ ಹೀಗೆ ಆದವು.

ಅತ್ತೆಯ ಕಣ್ಣೆದುರು ಹಗಲಿನಲ್ಲಿ ಗಂಡನೊಡನೆ ಕೂತು ಮಾತಾಡುವ ಪದ್ಧತಿ ಆಗ ನಮ್ಮಲ್ಲಿ ಇರಲಿಲ್ಲ. ಪಟ್ಟಿ ಎಳೆಯುವುದು ಕೆಲಸ. ಅದಕ್ಕೆ ಯಾರೂ ಏನೂ ಅನ್ನುವಂತಿರಲಿಲ್ಲ. ನಾನು ಬಾಯಿ ಇಲ್ಲದವಳು ಎಂದು ಊರೆಲ್ಲ ಹೇಳುತ್ತಿತ್ತು. ಆ ಮಣೆಯ ಮೇಲೆ ಮಾತ್ರ ನನಗೆ ಬಾಯಿತ್ತು.

ತರೀಕೆರೆಯ ಒಂದು ಅಂಗಡಿಯವರು ಒಟ್ಟಿಗೆ ಹತ್ತು ಮಂಚಕ್ಕಾಗುವಷ್ಟು ಕಾಲು ಕೇಳಿದಾಗ ಮೋಟಾರಿನ ಮಾತು ಬಂತು. ಮೋಟಾರು ಕೊಟ್ಟವಳು ನಮ್ಮತ್ತೆಯ ತಮ್ಮನ ಮಗಳು. ಅವಳನ್ನು ಕಡೂರಿನ ಹಿಟ್ಟಿನ ಮಿಲ್ಲಿನ ಮನೆಗೆ ಕೊಟ್ಟಿದ್ದರು. ಅದಕ್ಕೂ ಮೊದಲು ನಿಮ್ಮ ತಾತನಿಗೇ ಕೊಡುವ ಮಾತಿತ್ತಂತೆ. ಅದನ್ನು ನಮ್ಮತ್ತೆ ವರ್ಷಕ್ಕೆ ನಾಲ್ಕು ಸಲವಾದರೂ ನನ್ನ ಕಿವಿಗೆ ಬೀಳುವ ಹಾಗೆ ಯಾರಿಗಾದರೂ ಹೇಳುತ್ತಿದ್ದರು. ಮಿಲ್ಲಿನಲ್ಲಿ ಜರಡಿ ಓಡಿಸುತ್ತಿದ್ದ ಹಳೆಯ ಸಣ್ಣ ಮೋಟಾರು ಬಿಡುವಾಗಿದೆ ಎಂದು ಅವಳೇ ಹೊರಿಸಿಕೊಂಡು ಬಂದಳು.

ತಾತ ಅದನ್ನು ಲೇತಿನ ಕೆಳಗೆ ಹಲಗೆಗೆ ಬೋಲ್ಟು ಹಾಕಿ ಕೂರಿಸಿ, ಮೇಲಿನ ಅಚ್ಚಿಗೆ ಬೆಲ್ಟು ಹಾಕಿದರು. ಸ್ವಿಚ್ಚು ಒತ್ತಿದರೆ ಮರ ಗಿರ್ರೆಂದು ತಿರುಗಿತು. ಉಳಿ ಒತ್ತಿದ ಕೂಡಲೇ ನಿಂತಿತು. ಮೋಟಾರು ಮಾತ್ರ ಓಡುತ್ತಿದೆ, ಬೆಲ್ಟು ಜಾರಿ ಸುಟ್ಟ ವಾಸನೆ. ಅಡುಗೆಮನೆಯಲ್ಲಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅವಳು ಮತ್ತೆ ಬಂದಳು, ಸೆರಗಿನ ತುದಿಯಲ್ಲಿ ರಾಳದ ಪುಡಿ ಕಟ್ಟಿಕೊಂಡು.

"ಬಾವ, ನಮ್ ಮಿಲ್ಲಲ್ಲಿ ಬೆಲ್ಟ್ ಜಾರಿದ್ರೆ ಇದನ್ನೇ ಹಾಕೋದು. ನಿಂಗೆ ಅಷ್ಟೂ ತಿಳೀದಾ?"

"ತಿಳಿದಿದ್ರೆ ನಿನ್ನನ್ಯಾಕೆ ಕರೀತಿದ್ದೆ?"

"ಕರೀದೇ ಇದ್ರೂ ಬತ್ತೀನಿ ಬಿಡು. ಅಕ್ಕ, ಕಾಫಿಗೆ ಸಕ್ಕರೆ ಮುಂದಾಗ್ಲಿ!"

ಹಾಗೆಂದು ಕೂತದ್ದು ಎಲ್ಲಿ? ನನ್ನ ಮಣೆಯ ಮೇಲೆ. ನಾನು ಕಾಫಿಗೆ ಸಕ್ಕರೆಯನ್ನೇ ಹಾಕಲಿಲ್ಲ. ಅವಳು ಮುಖ ಕಿವುಚದೆ ಕುಡಿದು ಲೋಟ ಕೊಟ್ಟಳು. ಅದಕ್ಕೂ ನನಗೆ ಉರಿಯಿತು.

ರಾಳ ಅರ್ಧ ಗಂಟೆ ಹಿಡಿಯಿತು, ಆಮೇಲೆ ಮತ್ತೆ ಜಾರಿತು. ಬೋಲ್ಟು ಇನ್ನೂ ಬಿಗಿ ಮಾಡಿದರೆ ಅಚ್ಚು ಕೈ ಇಡಲಾಗದಷ್ಟು ಕಾಯಿತು. ಏನಾಗುತ್ತಿದೆ ಎಂಬುದು ನನಗೆ ಎರಡನೆಯ ದಿನವೇ ತಿಳಿದಿತ್ತು. ಏಳು ವರ್ಷ ಎಳೆದ ಕೈ ಇದು. ದಪ್ಪ ಮರ ಬಂದು ಉಳಿ ಕಚ್ಚಿದಾಗ ನಾನು ಮೈಯೆಲ್ಲ ಹಿಂದಕ್ಕೆ ಒರಗಿಸಿ ಪಟ್ಟಿಗೆ ಭಾರ ಕೊಡುತ್ತಿದ್ದೆ, ಹಗುರವಾದಾಗ ಸಡಿಲಿಸುತ್ತಿದ್ದೆ. ಬೋಲ್ಟು ಹಾಕಿದ ಮೋಟಾರು ಹೇಗೆ ಒರಗೀತು? ತಿಳಿದೂ ನಾನು ಬಾಯಿ ಬಿಡಲಿಲ್ಲ. ಮೋಟಾರು ಸೋತರೆ ಮಣೆ ನನ್ನದೇ ಅಂದುಕೊಂಡಿದ್ದೆ.

ಒಂಬತ್ತನೆಯ ದಿನ ಅವಳು ಹೊಸ ಮಾತು ತಂದಳು.

"ಇಲ್ಲಿ ಒದ್ದಾಡೋದು ಯಾಕೆ ಬಾವ? ಸೋಮವಾರ ಟೆಂಪೋ ಕಳಿಸ್ತೀನಿ, ಲೇತು ನಮ್ ಮಿಲ್ ಶೆಡ್ಡಲ್ಲೇ ಇಟ್ಕೋ. ಫಿಟ್ಟರು ಅಲ್ಲೇ ಇರ್ತಾನೆ. ಬೆಳಿಗ್ಗೆ ರೈಲಿಗೆ ಬಾ, ಸಂಜೆ ರೈಲಿಗೆ ಹೋಗು. ಮಧ್ಯಾಹ್ನದ ಊಟ ನಂದು."

"ಚುರುಕು ಅಂದ್ರೆ ಇವಳು ಕಣಪ್ಪಾ!" ಎಂದರು ನಮ್ಮತ್ತೆ. ತಾತ ಬೇಡ ಎನ್ನಲಿಲ್ಲ. ಬೆಲ್ಟನ್ನೇ ನೋಡುತ್ತಾ, "ನೋಡಾಣ" ಎಂದರು.

ಆ ‘ನೋಡಾಣ’ ನನ್ನ ಎದೆಯಲ್ಲಿ ಕೂತುಬಿಟ್ಟಿತು. ಸುಮ್ಮನಿದ್ದರೆ ಅವರು ದಿನವೂ ಕಡೂರಿಗೆ. ಹೇಳಿದರೆ ನನ್ನ ಜಾಗ ಮೋಟಾರಿಗೆ. ಮೋಟಾರು ಸಕ್ಕರೆ ಮುಂದಾಗಿ ಕಾಫಿ ಕೇಳುವುದಿಲ್ಲ ಎಂದುಕೊಂಡು ಮರುದಿನ ಚಪ್ಪರಕ್ಕೆ ಹೋದೆ.

"ರೀ, ನಿಮ್ಮ ಮೋಟಾರಿಗೆ ಬೆನ್ನು ಬಗ್ಗಲ್ಲ."

"ಏನಂದೆ?"

ಬಿಡಿಸಿ ಹೇಳಲು ನನಗೆ ಬರಲಿಲ್ಲ. ಮಣೆಯ ಮೇಲೆ ಕೂತು ಹಳೆಯ ಪಟ್ಟಿ ಹಿಡಿದು ಒರಗಿ ತೋರಿಸಿದೆ. "ನಾನು ಹಿಂಗೆ ಭಾರ ಬಿಡ್ತಿರಲಿಲ್ವಾ? ಇದನ್ನ ಕಟ್ಟಿಹಾಕಿದೀರ. ಜೋತು ಬಿಡಿ, ಅದರ ಭಾರಕ್ಕೆ ಅದೇ ಎಳೀಲಿ."

ಅವರು ಮೋಟಾರನ್ನೂ ನನ್ನನ್ನೂ ನೋಡಿದರು. "ಯಾವತ್ತು ಹೊಳೀತು ಇದು?"

"ಎರಡನೇ ದಿನ."

"ಇವತ್ತಿಗೆ ಹತ್ತಾಯ್ತಲ್ಲೇ!"

"ಹ್ಞೂ."

"ಹೊಟ್ಟೆಕಿಚ್ಚಿಗೆ ಒಂದು ಮಿತಿ ಬೇಡ್ವೇನೇ?" ಎಂದು ಬೈದರು. ಬೈಯುತ್ತಲೇ ಕೊಟ್ಟಿಗೆಯ ಹಳೆಯ ಬಾಗಿಲಿನ ಕೀಲು ಕಿತ್ತರು. ಹಲಗೆಯ ಒಂದು ಅಂಚನ್ನು ಕೀಲಿನಿಂದ ಲೇತಿನ ಕಾಲಿಗೆ ಜೋಡಿಸಿ, ಇನ್ನೊಂದು ಅಂಚಿಗೆ ಮೋಟಾರು ಕೂರಿಸಿದರು. ಮೋಟಾರು ಬೆಲ್ಟಿನಲ್ಲೇ ಜೋತುಬಿತ್ತು. ಸಣ್ಣ ಮರಕ್ಕೆ ಅಷ್ಟೇ ಸಾಕಾಯಿತು. ಮಂಚದ ಕಾಲಿಗೆ ಇನ್ನೂ ಸ್ವಲ್ಪ ಜಾರಿತು. ಮೂಲೆಯಲ್ಲಿದ್ದ ಮುಕ್ಕಾದ ರುಬ್ಬುಗುಂಡನ್ನು ನಾನೇ ತಂದು ಹಲಗೆಗೆ ಹಗ್ಗದಲ್ಲಿ ಕಟ್ಟಿದೆ. ಉಳಿ ಒತ್ತಿದರು. ಮರ ನಿಲ್ಲಲಿಲ್ಲ.

ಸೋಮವಾರ ಟೆಂಪೋ ಬಂತು, ಅದರಲ್ಲಿ ಅವಳೂ ಬಂದಳು. ಲೇತು ಓಡುತ್ತಿದ್ದದ್ದನ್ನು ಬಗ್ಗಿ ನೋಡಿ, "ಇದ್ಯಾರ ಬುದ್ಧಿ ಬಾವ, ಕಲ್ಲು ಕಟ್ಟಿರೋದು?" ಎಂದಳು.

"ನಿಮ್ಮಕ್ಕನದು."

ಅವಳು ನಗಲಿಲ್ಲ. ನಾನು ಕಾಫಿಗೆ ಸಕ್ಕರೆ ಎರಡು ಚಮಚ ಹೆಚ್ಚೇ ಹಾಕಿ ಕೊಟ್ಟೆ. ಸ್ವಲ್ಪ ಹೊತ್ತು ನಿಂತು ನೋಡಿ ಮತ್ತೆ ಕೇಳಿದಳು: "ಮರ ಒಂದೇ ಕಡೆ ತಿರುಗ್ತಿದೆ, ಮತ್ಯಾಕೆ ಉಳಿ ಎತ್ತೆತ್ತಿ ಇಡ್ತೀಯ?"

ತಾತ ತಮ್ಮ ಕೈಯನ್ನೇ ನೋಡಿಕೊಂಡರು. ಕೊಡುವುದು, ಎತ್ತುವುದು, ಕೊಡುವುದು, ಎತ್ತುವುದು. ನನ್ನ ಎಡಗೈಗಾಗಿ ಅವರ ಕೈ ಇನ್ನೂ ಕಾಯುತ್ತಿತ್ತು. "ಅಭ್ಯಾಸ" ಎಂದರು. ಅಷ್ಟು ದಿನದಲ್ಲಿ ಅವತ್ತೇ ನಾನು ಹೊಟ್ಟೆ ತುಂಬ ಉಂಡದ್ದು.

ಆ ಅಭ್ಯಾಸ ಯುಗಾದಿಯ ಹೊತ್ತಿಗೆ ಬಿಟ್ಟುಹೋಯಿತು. ಉಳಿ ಒಂದೇ ಸಮನೆ ಕೊಯ್ಯುವ ಸದ್ದು ಅಡುಗೆಮನೆಗೆ ಕೇಳಿದ ದಿನ, ಅಕ್ಕಿ ಆರಿಸುವ ಮೊರವನ್ನು ತೆಗೆದುಕೊಂಡು ಚಪ್ಪರಕ್ಕೇ ಹೋಗಿ ನನ್ನ ಮಣೆಯ ಮೇಲೆ ಕೂತೆ. ಅತ್ತೆ ನೋಡಿದರು. ಅಕ್ಕಿ ಆರಿಸುವುದೂ ಕೆಲಸವೇ, ಏನೂ ಅನ್ನಲಿಲ್ಲ.