ಭಾವನವರನ್ನು ಕೇಳದೆ ಕೊಟ್ಟ ಗುಳಿಗೆ

ಕೊರೊನಾ ಹಾವಳಿ ಇಳಿದ ಮರುವರ್ಷ ನಾನು ಸುರಪುರ ತಾಲ್ಲೂಕಿನ ದೇವಾಪುರದಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೆ. ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಗಿತ್ತು. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ತೀರಿಕೊಂಡ ಮೇಲೆ, ಊರ ಸಾಲಿಯಲ್ಲಿ ಎಂಟನೇ ತರಗತಿ ಓದಿದ್ದ ನನಗೆ ಸಿಕ್ಕ ಕೆಲಸ ಅದು. ಬಸುರಿಯರ ಹೆಸರು ಬರೆದುಕೊಳ್ಳುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ರಕ್ತ ಕಡಿಮೆಯಿದ್ದ ಹೆಂಗಸರಿಗೆ ಕಬ್ಬಿಣಾಂಶದ ಗುಳಿಗೆ ಮುಟ್ಟಿಸುವುದು. ಹೆಂಗಸರ ಜೊತೆ ಎಂಥ ಮಾತನ್ನೂ ಆಡುತ್ತಿದ್ದೆ. ಗಂಡಸರ ಎದುರು ನನ್ನ ದನಿ ಏಳುತ್ತಿರಲಿಲ್ಲ. ಆ ಕೆಲಸದಲ್ಲಿ ನನ್ನ ಕೈಯಿಂದಾದ ಒಂದು ದೊಡ್ಡ ತಪ್ಪನ್ನು ಮೊಮ್ಮಕ್ಕಳಾದ ನೀವು ತಿಳಿದಿರಬೇಕು.

ಶರಣಪ್ಪನವರು ನಿಮ್ಮ ಮುತ್ಯಾನ ಅಣ್ಣ, ನನಗೆ ಭಾವ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಅವರ ಕೆಮ್ಮು ಕೇಳಿಸಿದರೆ ಸೆರಗು ಹೊದ್ದು ಒಳಗೆ ಸರಿಯಬೇಕು. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಮೂವತ್ತೊಂದು ವರ್ಷ ಅಲ್ಲಿದ್ದರೂ ನಾನು ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಏನು ಹೇಳುವುದಿದ್ದರೂ ಅವರ ಹೆಂಡತಿ ನಿಂಗಮ್ಮನ ಮೂಲಕ. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಭಾವನವರದು ಹಿಟ್ಟಿನ ಗಿರಣಿ. ಆ ವರ್ಷ ಅವರಿಗೆ ಅರವತ್ತೊಂದು. ಜೋಳದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಸುರಿಯುತ್ತಿದ್ದವರು, ಬರಬರುತ್ತ ಎರಡು ಕೈ ಹಚ್ಚಿದರೂ ನಡುವೆ ಇಳಿಸಿ ಉಸಿರು ಬಿಡತೊಡಗಿದರು. ಹಿಟ್ಟು ಹಾಕಿಸಲು ಬಂದ ಹೆಂಗಸರು ನಗುತ್ತಿದ್ದರು.

"ಶರಣಪ್ಪ ಕಾಕಾ, ಚೀಲ ನಿಮ್ಮನ್ನ ಎತ್ತಾಕತ್ತದೋ, ನೀವು ಚೀಲಾ ಎತ್ತಾಕತ್ತೀರೋ?"

"ಚೀಲಕ್ಕ ವಯಸ್ಸಾಗಂಗಿಲ್ಲವ್ವಾ, ನನಗಾಗ್ಯದ," ಎಂದು ಅವರೂ ನಗುತ್ತಿದ್ದರು. ಮೈಮೇಲೆಲ್ಲ ಹಿಟ್ಟಿನ ಧೂಳು ಇರುತ್ತಿದ್ದುದರಿಂದ ಮುಖ ಬಿಳಿಚಿದ್ದು ಯಾರಿಗೂ ಕಾಣಲಿಲ್ಲ.

ಒಂದು ದಿನ ನಿಂಗಮ್ಮ ಅಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದರು. "ನಿಮ್ಮ ಭಾವಗ ಬಾಳ ದಣಿವಾಗಾಕತ್ತದ. ಅರ್ಧಾ ರೊಟ್ಟಿ ತಿಂದು ಏಳ್ತಾರ. ನಿಮ್ಮ ಸಿಸ್ಟರ್‌ಗ ಒಂದೀಟು ನೋಡಾಕ ಹೇಳು."

ಸಿಸ್ಟರ್ ಎಂದರೆ ಉಪಕೇಂದ್ರದ ನರ್ಸ್. ಅವರು ಭಾವನ ಮನೆಗೆ ಹೋಗಿ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದರು. ಗಂಡಸರಿಗೆ ಹದಿಮೂರರ ಮೇಲೆ ಇರಬೇಕಾದದ್ದು ಏಳು ಪಾಯಿಂಟ್ ಎರಡು ಇತ್ತು. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬಂದ ಮೇಲೆ ಸಿಸ್ಟರ್ ನನಗೆ ಹೇಳಿದರು, "ಇಷ್ಟು ಕಮ್ಮಿ ಅಂದ್ರ ರಕ್ತ ಎಲ್ಲೋ ಹೋಗಾಕತ್ತದ. ಈ ವಾರದಾಗ ಸುರಪುರಕ್ಕ ಕರ್ಕೊಂಡು ಹೋಗು."

ನಾನು ಹೋಗಲಿಲ್ಲ. ಭಾವನ ಜೊತೆ ಒಂದೇ ಗಾಡಿಯಲ್ಲಿ ಹೇಗೆ ಕೂಡುವುದು, ಡಾಕ್ಟರ ಎದುರು ಅವರ ಮೈಯ ವಿಷಯ ಹೇಗೆ ಆಡುವುದು ಎಂದು ಹಿಂಜರಿದೆ. ಅವರ ಮಗ ಮಲ್ಲಪ್ಪನಿಗೆ ಹೇಳಬಹುದಿತ್ತು. ಮೊದಲು ಗುಳಿಗೆ ತಿನ್ನಲಿ, ಆಮೇಲೆ ನೋಡೋಣ ಎಂದುಕೊಂಡೆ. ಬಸುರಿಯರಿಗೆ ಕೊಡುವ ಕೆಂಪು ಗುಳಿಗೆಗಳನ್ನೇ ಅಕ್ಕನ ಕೈಗಿಟ್ಟೆ.

"ದಿನಕ್ಕೊಂದು ಕೊಡ್ರಿ ಅಕ್ಕ. ಸಂಡಾಸ ಕಪ್ಪಗ ಹೋಗ್ತದ, ಅಂಜಬ್ಯಾಡ್ರಿ. ಅದು ಗುಳಿಗೀದು."

ಬಸುರಿಯರಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದ್ದ ಮಾತು ಅದು. ಆ ಗುಳಿಗೆ ತಿಂದರೆ ಮಲ ಕಪ್ಪಾಗುವುದು ನಿಜ. ಎರಡು ತಿಂಗಳಲ್ಲಿ ಭಾವನವರಿಗೆ ಸ್ವಲ್ಪ ಚೇತರಿಕೆ ಬಂದ ಹಾಗೆ ಕಂಡಿತು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆಮೇಲೆ ಮತ್ತೆ ಇಳಿದರು. ಅಂಗಿ ಹೆಗಲಿಂದ ಜಾರತೊಡಗಿತು. ಅಕ್ಕ ಎರಡು ಸಲ ಬಂದು, "ಈಗೂ ಕಪ್ಪಗೇ ಹೋಗ್ತದಂತ," ಎಂದರು. ಎರಡು ಸಲವೂ ನಾನು, "ಗುಳಿಗೀದರಿ ಅಕ್ಕ," ಎಂದೆ. ಆರು ತಿಂಗಳು ಹೀಗೇ ಕಳೆದವು.

ಒಂದು ಮಧ್ಯಾಹ್ನ ಅವರು ಗಿರಣಿಯಲ್ಲೇ ಬಿದ್ದರು. ಮಲ್ಲಪ್ಪ ಗಿರಣಿ ತಿರುಗಿಸುವ ಪಟ್ಟಾ ತರಲು ಯಾದಗಿರಿಗೆ ಹೋಗಿದ್ದ. ಅಕ್ಕನೂ ನಾನೂ ಸಿಕ್ಕ ಗಾಡಿಯಲ್ಲಿ ಅವರನ್ನು ಸುರಪುರದ ಆಸ್ಪತ್ರೆಗೆ ಒಯ್ದೆವು. ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡುತ್ತ ಬಲಗಡೆ ಕೈ ನಿಲ್ಲಿಸಿದರು. ಅಲ್ಲಿ ಗಡ್ಡೆ ಸಿಕ್ಕಿತ್ತು.

"ಮಲದಲ್ಲಿ ರಕ್ತ ಹೋಗುತ್ತಾ, ಕಪ್ಪಗೆ ಹೋಗುತ್ತಾ, ಯಾವಾಗಿಂದ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಡಾಕ್ಟರಮ್ಮ ನನ್ನ ಗುಲಾಬಿ ಸೀರೆ ನೋಡಿದರು. ಅದು ಆಶಾ ಸಮವಸ್ತ್ರ. "ನೀವು ಆಶಾ ಅಲ್ವಾ? ನೀವೇ ಕೇಳಿ."

ನಾನು ಮಂಚದ ಹತ್ತಿರ ಹೋದೆ. ನೆಲ ನೋಡುತ್ತಲೇ ಕೇಳಿದೆ.

"ಭಾವ, ಸಂಡಾಸ ಕಪ್ಪಗ ಯಾವಾಗಿಂದ ಹೋಗಾಕತ್ತದರಿ?"

"ಹೋದ ವರ್ಷ ತೊಗರಿ ರಾಶಿ ಟೈಮಿನಿಂದ," ಎಂದರು. ಅಂದರೆ ನಾನು ಗುಳಿಗೆ ಕೊಡುವುದಕ್ಕೆ ನಾಲ್ಕು ತಿಂಗಳು ಮೊದಲಿಂದ. "ನಡುವ ಕೆಂಪಗೂ ಹೋಗಿತ್ತವ್ವಾ. ಕಪ್ಪಗ ಹೋಗ್ತದ, ಅಂಜಬ್ಯಾಡ್ರಿ ಅಂತ ನೀ ಹೇಳಿ ಕಳಿಸಿದಿ. ನಿನಗ ಎಲ್ಲಾ ಗೊತ್ತದ ಅಂತ ತಿಳಿದು ಸುಮ್ಮಕಿದ್ದೆ."

ಅದು ಅವರು ನನ್ನ ಜೊತೆ ಆಡಿದ ಮೊದಲ ಮಾತು. ನಾನು ಹೊರಗೆ ಬಂದು ವರಾಂಡದಲ್ಲಿ ಕುಕ್ಕರಿಸಿದೆ.

ಶಹಾಪುರದಲ್ಲಿ ಸ್ಕ್ಯಾನ್ ಆಯಿತು. ಕಲಬುರಗಿಯಲ್ಲಿ ಕೊಲೊನೋಸ್ಕೋಪಿ ಆಯಿತು. ಮಲದ್ವಾರದಿಂದ ಸಣ್ಣ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ ಅದು. ದೊಡ್ಡ ಕರುಳಿನ ಕ್ಯಾನ್ಸರ್, ಯಕೃತ್ತಿಗೂ ಹರಡಿದೆ ಎಂದರು. ಬಲಗಡೆಯ ಗಡ್ಡೆಯಿಂದ ಜಿನುಗುವ ರಕ್ತ ಮಲದಲ್ಲಿ ಬೆರೆತುಹೋಗುತ್ತದೆ, ಎಷ್ಟೋ ಸಲ ಕೆಂಪಗೆ ಕಾಣುವುದಿಲ್ಲ, ದಣಿವೇ ಮೊದಲ ಗುರುತು ಎಂದು ಅಲ್ಲಿನ ಡಾಕ್ಟರು ವಿವರಿಸಿದರು. ಇದು ಮನೆತನದಲ್ಲಿ ಬರಬಹುದು, ಇವರ ಮಕ್ಕಳನ್ನೂ ಪರೀಕ್ಷೆ ಮಾಡಿಸಬೇಕು ಎಂದರು. ಮಲ್ಲಪ್ಪ ಹೂಂ ಎಂದ, ಹೋಗಲಿಲ್ಲ.

ಭಾವನವರು ಏಳು ತಿಂಗಳು ನರಳಿದರು. ಗೋಡೆಯ ಆಚೆಯಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು. ಒಮ್ಮೆಯೂ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು ಎಂದು ದಿನವೂ ಅನಿಸುತ್ತಿತ್ತು. ಕೊನೆಯ ತಿಂಗಳು ಅಕ್ಕನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದರು: "ಮಲ್ಲಪ್ಪಗ ಆಕೀನೇ ಕೇಳಲಿ. ನಾ ಕೇಳಿದ್ರ ಖರೇ ಹೇಳಂಗಿಲ್ಲ."

ಮಲ್ಲಪ್ಪನಿಗೆ ಆಗ ಮೂವತ್ತೆಂಟು. ನಾನು ಗಿರಣಿಗೆ ಹೋದೆ. ನಾಲ್ಕೈದು ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರು. ಗದ್ದಲದಲ್ಲಿ ಮಾತು ಕೇಳಿಸದು ಎಂದು ಗಿರಣಿ ಬಂದ್ ಮಾಡಿಸಿದೆ.

"ಮಲ್ಲಪ್ಪ, ನಿನಗ ರಕ್ತ ಹೋಗ್ತದೇನು?"

"ಸಣ್ಣವ್ವ, ಇದು ಇಲ್ಲಿ ನಿಂತು ಕೇಳೂ ಮಾತಾ? ಹೆಣ್ಮಕ್ಕಳು ನಿಂತಾರ."

"ನಿಂದರಲಿ. ನಿಮ್ಮಪ್ಪಗ ಕೇಳಲಿಲ್ಲ ನಾ."

ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಹೇಳೋ ಮಾರಾಯ, ನಾವೇನು ಸಂಡಾಸಕ್ಕ ಹೋಗಲಾರದ ಮಂದೇನು?" ಎಂದಳು. ಯಾರೂ ನಗಲಿಲ್ಲ. ಮಲ್ಲಪ್ಪ ಕೈಯ ಹಿಟ್ಟು ಒರೆಸಿಕೊಂಡ.

"ನಾಕು ತಿಂಗಳಾತು," ಎಂದ. "ಮೂಲವ್ಯಾಧಿ ಅಂದ್ಕೊಂಡು ಕೆಂಭಾವಿ ಸಂತ್ಯಾಗ ಪುಡಿ ತಗೊಂಡೀನಿ."

ಮರುದಿನ ಬೆಳಗಿನ ಬಸ್ಸಿಗೆ ಅವನನ್ನು ಕಲಬುರಗಿಗೆ ಕರೆದೊಯ್ದೆ. ಡಾಕ್ಟರ ಎದುರು ನಾನೇ ಎಲ್ಲವನ್ನೂ ಹೇಳಿದೆ. ಅವನಿಗೂ ಕ್ಯಾನ್ಸರ್ ಇತ್ತು, ಆದರೆ ಕರುಳಿನ ಗೋಡೆ ದಾಟಿರಲಿಲ್ಲ. ಆಪರೇಷನ್ ಮಾಡಿ ಅಷ್ಟು ಭಾಗ ತೆಗೆದರು. ಇವತ್ತಿಗೂ ಗಿರಣಿ ನಡೆಸುತ್ತಾನೆ, ಕರೆದಾಗಲೆಲ್ಲ ಪರೀಕ್ಷೆಗೆ ಹೋಗಿ ಬರುತ್ತಾನೆ. ಆಪರೇಷನ್ ಆದ ಸುದ್ದಿ ಹೇಳಲು ನಾನು ಊರಿಗೆ ಬರುವಷ್ಟರಲ್ಲಿ ಭಾವನವರಿಗೆ ಮಾತು ತಿಳಿಯುವ ಸ್ಥಿತಿ ಇರಲಿಲ್ಲ. ಕಿವಿಯ ಹತ್ತಿರ ಬಾಗಿ ಹೇಳಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಎರಡನೆಯ ದಿನ ತೀರಿಕೊಂಡರು.

ನನ್ನ ಕೆಲಸ ಕಲಿಸಿದ್ದು ಇಷ್ಟು. ಗಂಡಸಿಗಾಗಲಿ, ಮುಟ್ಟು ನಿಂತ ಹೆಂಗಸಿಗಾಗಲಿ ರಕ್ತ ಕಡಿಮೆಯಾದರೆ, ಅದು ಎಲ್ಲಿ ಹೋಗುತ್ತಿದೆ ಎಂದು ಮೊದಲು ಹುಡುಕಿಸಬೇಕು. ಮಲದಲ್ಲಿ ರಕ್ತ ಬಿದ್ದರೆ, ಮಲದ ಬಣ್ಣ ಅಥವಾ ಹೊತ್ತು ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮೂಲವ್ಯಾಧಿ ಎಂದು ನಿಮ್ಮಷ್ಟಕ್ಕೆ ನೀವೇ ಹೆಸರಿಡಬೇಡಿ, ಡಾಕ್ಟರಿಗೆ ತೋರಿಸಿ. ನೀವೂ ಅದೇ ಮನೆತನದವರು. ಅದನ್ನೂ ಡಾಕ್ಟರಿಗೆ ಹೇಳಿ. ಮಲ್ಲಪ್ಪನ ವಿಷಯಕ್ಕೆ ಊರವರು ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ನನಗೆ ಬೇಡ. ಭಾವನವರ ಆರು ತಿಂಗಳು ನನ್ನ ಕೈಯಲ್ಲಿದ್ದವು. ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರೇ ಎಂದು ಕಲಬುರಗಿಯ ಡಾಕ್ಟರನ್ನು ಕೇಳಿದ್ದೆ. ಅವರು ನನ್ನ ಮುಖ ನೋಡಿ, "ಈಗ ಅದನ್ನ ಕೇಳಬ್ಯಾಡ್ರಿ," ಎಂದರು.